ಕಣ್ಣಿಗೆ ಬಿಡುವ ಸ್ಟಿರಾಯ್ಡ್ ಹನಿ: ದುಡಿಯುವ ಜನ ತಿಳಿದಿರಬೇಕಾದ ಸಂಗತಿ

(ಮುಧೋಳದಲ್ಲಿ ಕಬ್ಬು ಕಡಿಯುವವರು, ನೇಕಾರರು ಮತ್ತು ತಾಯಂದಿರು ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿಯ ದರ, ಕಬ್ಬಿನ ಬಾಕಿ, ನೂಲಿನ ಬೆಲೆ ಇವುಗಳ ಮಾತು ನಡೆಯುವ ವೇದಿಕೆಯ ಮೇಲೆ ನಿಂತು ನಾವು ಇಂದು ಕಣ್ಣಿನ ಔಷಧಿಯ ಮಾತೆತ್ತಿದ್ದೇವೆ. ಇದೇನು, ಪಕ್ಷದವರು ಡಾಕ್ಟರಿಕೆ ಸುರು ಮಾಡಿದರೇ ಎಂದು ಕೆಲವರಿಗೆ ಅನ್ನಿಸೀತು. ನಾವು ಡಾಕ್ಟರರಲ್ಲ. ಮೆಟ್ರಿಕ್ ಮುಗಿಸಿ ಕೆಲವು ವರ್ಷ ಮಕ್ಕಳಿಗೆ ಪಾಠ ಹೇಳಿದವರು. ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ನಾಲ್ಕು ಜನರಿಗೆ ತಿಳಿಯುವ ಹಾಗೆ ಹೇಳುವುದು ಮಾಸ್ತರನ ಕೆಲಸ. ಯಾವ ಔಷಧಿ ಯಾರಿಗೆ ಎಷ್ಟು ಎಂದು ನಾವು ಹೇಳುವುದಿಲ್ಲ. ಅದು ಕಣ್ಣಿನ ಡಾಕ್ಟರರಿಗೆ ಬಿಟ್ಟದ್ದು. ಅವರನ್ನು ಕೇಳದೆ ಯಾವುದನ್ನು ಕಣ್ಣಿಗೆ ಬಿಡಬಾರದು, ಏಕೆ ಬಿಡಬಾರದು ಎಂಬಷ್ಟನ್ನೇ ಹೇಳುತ್ತೇವೆ. ದುಡಿಯುವವನಿಗೆ ಕೈ ಹೇಗೆ ಬಂಡವಾಳವೋ ಕಣ್ಣೂ ಹಾಗೆಯೇ ಬಂಡವಾಳ. ಕಣ್ಣು ಹೋದ ನೇಕಾರನಿಗೆ ಮಗ್ಗವಿಲ್ಲ, ಕಣ್ಣು ಹೋದ ಕೂಲಿಯವನಿಗೆ ಹೊಲವಿಲ್ಲ. ಆದುದರಿಂದ ಇದೂ ಹೊಟ್ಟೆಯ ಪ್ರಶ್ನೆಯೇ.

ನಮ್ಮ ಸೀಮೆಯಲ್ಲಿ ನಡೆಯುವುದು ಹೇಗೆ, ನೋಡಿರಿ. ಘಟಪ್ರಭೆಯ ದಂಡೆಯ ಊರುಗಳಲ್ಲಿ ಕಬ್ಬು ಕಡಿಯುವ ಹಂಗಾಮು ಬಂದಿತೆಂದರೆ ನಸುಕಿನಲ್ಲೇ ಗ್ಯಾಂಗು ಹೊಲಕ್ಕೆ ಇಳಿಯುತ್ತದೆ. ಕಬ್ಬಿನ ಎಲೆಯ ಅಂಚು ಗರಗಸ. ರವದಿಯ ಧೂಳು ಬೇರೆ. ಎಲೆ ಕಣ್ಣಿಗೆ ಗೀರುತ್ತದೆ. ಸಂಜೆಗೆ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ. ಲೋಕಾಪುರದ ಕಡೆ ಕಲ್ಲು ಒಡೆಯುವವರಿಗೆ ಕಲ್ಲಿನ ಪುಡಿ, ರಬಕವಿ ಬನಹಟ್ಟಿಯ ಮಗ್ಗದವರಿಗೆ ನೂಲಿನ ಧೂಳು ಮತ್ತು ರಾತ್ರಿಯ ನಿದ್ದೆಗೇಡು. ಕಣ್ಣಿನ ಡಾಕ್ಟರರ ಕಡೆಗೆ ಹೋಗಬೇಕೆಂದರೆ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಬಂದಿತು. ಅದಕ್ಕೆ ಮಂದಿ ಔಷಧಿ ಅಂಗಡಿಗೆ ಹೋಗಿ, "ಕಣ್ಣು ಕೆಂಪಾಗ್ಯಾವ, ಒಂದು ಹನಿ ಕೊಡ್ರಿ" ಎನ್ನುತ್ತಾರೆ. ಅಂಗಡಿಯಲ್ಲಿ ಕುಳಿತವನು ಒಂದು ಸಣ್ಣ ಬಾಟಲಿ ಕೊಡುತ್ತಾನೆ. ರಾತ್ರಿ ಎರಡು ಸಲ ಬಿಟ್ಟರೆ ಬೆಳಗಿಗೆ ಕೆಂಪು ಇಳಿದಿರುತ್ತದೆ. "ಭಾರಿ ಔಷಧಿ" ಎಂದು ಹೊಗಳಿ, ಆತ ಮತ್ತೆ ಹೊಲಕ್ಕೆ ಹೋಗುತ್ತಾನೆ.

ಆ ಭಾರಿ ಔಷಧಿಯಲ್ಲಿ ಬಹಳ ಸಲ ಇರುವುದು ಸ್ಟಿರಾಯ್ಡ್. ಅದು ವಿಷವಲ್ಲ, ಸರಿಯಾದ ಕೈಯಲ್ಲಿ ದೊಡ್ಡ ಉಪಕಾರಿ. ಮುಧೋಳ ಸಂಸ್ಥಾನ ವಿಲೀನವಾದ ೧೯೪೮ರಲ್ಲಿಯೇ, ಸಪ್ಟೆಂಬರ ತಿಂಗಳಲ್ಲಿ, ಅಮೇರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ಡಾಕ್ಟರರು ಕೀಲುವಾತದಿಂದ ನರಳುತ್ತಿದ್ದ ಹೆಂಗಸೊಬ್ಬಳಿಗೆ ಕಾರ್ಟಿಸೋನ್ ಎಂಬ ಈ ಜಾತಿಯ ಔಷಧಿಯನ್ನು ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಾಡಿದಳು. ೧೯೫೦ರಲ್ಲಿ ಹೆಂಚ್, ಕೆಂಡಾಲ್, ರೈಕ್‌ಸ್ಟೈನ್ ಈ ಮೂವರಿಗೆ ನೊಬೆಲ್ ಪಾರಿತೋಷಕ ಬಂದಿತು. ಜಗತ್ತು ಪವಾಡವೆಂದು ಕೊಂಡಾಡಿತು. ಆದರೆ ಆ ದಶಕ ಮುಗಿಯುವ ಮೊದಲೇ, ಈ ಔಷಧಿಯಿಂದ ಕಣ್ಣಿನೊಳಗಿನ ಒತ್ತಡ ಏರುತ್ತದೆಂದು ಡಾಕ್ಟರರೇ ಬರೆಯತೊಡಗಿದರು. ಕೀಲುವಾತಕ್ಕೆ ಬಹುಕಾಲ ಈ ಗುಳಿಗೆ ನುಂಗಿದವರ ಕಣ್ಣಿಗೆ ಪೊರೆ ಬರುತ್ತದೆಂಬುದು ೧೯೬೦ರಲ್ಲಿ ವರದಿಯಾಯಿತು. ಅಂದರೆ ಇದು ನಿನ್ನೆ ಮೊನ್ನೆ ತಿಳಿದ ಸಂಗತಿಯಲ್ಲ. ಅರವತ್ತು ವರ್ಷಕ್ಕೂ ಮಿಕ್ಕಿ ಪುಸ್ತಕದಲ್ಲಿದೆ. ನಮ್ಮ ಓಣಿಗೆ ಮಾತ್ರ ಬಂದು ಮುಟ್ಟಿಲ್ಲ.

ಈ ಔಷಧಿ ಮಾಡುವ ಕೆಲಸವೇನು? ಮುಧೋಳದವರಿಗೆ ನಾಯಿಯ ಉದಾಹರಣೆ ಕೊಟ್ಟರೆ ಬೇಗ ತಿಳಿದೀತು. ರಾತ್ರಿ ನಾಯಿ ಬೊಗಳುತ್ತದೆ. ಬೊಗಳುವುದು ಕಳ್ಳನಲ್ಲ, ಕಳ್ಳ ಬಂದಿದ್ದಾನೆಂಬ ಸುದ್ದಿ. ಕಣ್ಣಿನ ಕೆಂಪು, ನೋವು, ನೀರು ಇವೂ ಹಾಗೆಯೇ. ಒಳಗೆ ಏನೋ ಹೊಕ್ಕಿದೆ, ಅದರ ಮೇಲೆ ರಕ್ತದ ಬಿಳಿಕಣಗಳು ದಾಳಿಗೆ ಹೊರಟಿವೆ ಎಂಬುದರ ಗುರುತು. ಇದನ್ನು ಉರಿಯೂತ ಎನ್ನುತ್ತಾರೆ. ಸ್ಟಿರಾಯ್ಡ್ ಆ ನಾಯಿಯ ಬಾಯಿ ಕಟ್ಟುತ್ತದೆ. ಕೆಲವು ರೋಗಗಳಲ್ಲಿ ಕಳ್ಳನೇ ಇರುವುದಿಲ್ಲ. ನಾಯಿ ಹುಚ್ಚೆದ್ದು ಮನೆಯವರನ್ನೇ ಕಚ್ಚುತ್ತಿರುತ್ತದೆ. ಕಣ್ಣಿನ ಒಳಪದರದ ಉರಿಯೂತ, ಕಸಿ ಮಾಡಿದ ಪದರವನ್ನು ದೇಹ ತಿರಸ್ಕರಿಸುವುದು, ಶಸ್ತ್ರಕ್ರಿಯೆಯ ನಂತರದ ಊತ ಇಂಥವು. ಅಲ್ಲಿ ಬಾಯಿ ಕಟ್ಟದಿದ್ದರೆ ಕಣ್ಣೇ ಹೋದೀತು. ಆದರೆ ನಿಜವಾಗಿ ಕಳ್ಳ ಹೊಕ್ಕಿರುವಾಗ ಬಾಯಿ ಕಟ್ಟಿದರೆ? ಮನೆಯವರು ಸುಖವಾಗಿ ಮಲಗುತ್ತಾರೆ, ಕಳ್ಳ ನಿಶ್ಚಿಂತೆಯಿಂದ ಮನೆ ದೋಚುತ್ತಾನೆ. ಕಳ್ಳನಿದ್ದಾನೋ ಇಲ್ಲವೋ ಎಂದು ದೀಪ ಹಿಡಿದು ನೋಡುವವರು ಕಣ್ಣಿನ ಡಾಕ್ಟರರು. ಅಂಗಡಿಯ ಕಟ್ಟೆಯ ಮೇಲೆ ನಿಂತು ಅದು ಕಾಣಿಸುವುದಿಲ್ಲ.

ಇದರಿಂದ ಆಗುವ ಹಾನಿ ಮುಖ್ಯವಾಗಿ ಮೂರು. ಒಂದೊಂದಾಗಿ ಹೇಳುತ್ತೇವೆ.

ಮೊದಲನೆಯದು ಕಬ್ಬು ಕಡಿಯುವವರಿಗೆ ಸಂಬಂಧಪಟ್ಟದ್ದು. ಕರಿಗುಡ್ಡೆಯ ಮುಂದೆ ಗಡಿಯಾರದ ಗಾಜಿನಂತೆ ಒಂದು ತಿಳಿಯಾದ ಪದರವಿದೆ. ಡಾಕ್ಟರರು ಅದಕ್ಕೆ ಕಾರ್ನಿಯಾ ಎನ್ನುತ್ತಾರೆ. ಎಲೆ ಗೀರುವುದು ಅದನ್ನೇ. ಹೊಲದ ಎಲೆ, ಕಡ್ಡಿ, ಮಣ್ಣಿನಲ್ಲಿ ಬೂಷ್ಟಿನ ಜಾತಿಯ ಶಿಲೀಂಧ್ರಗಳಿರುತ್ತವೆ. ಫ್ಯುಸೇರಿಯಂ, ಆಸ್ಪರ್ಜಿಲಸ್ ಎಂದು ಅವುಗಳ ಹೆಸರು. ಗೀರಿನ ದಾರಿಯಿಂದ ಅವು ಪದರದೊಳಗೆ ಇಳಿದು ಹುಣ್ಣು ಮಾಡುತ್ತವೆ. ಈ ಹುಣ್ಣಿಗೆ ನ್ಯಾಟಾಮೈಸಿನ್ ಎಂಬ ಹನಿಯಿದೆ. ಅದನ್ನು ಮೊದಮೊದಲು ಗಂಟೆಗೊಂದು ಸಲ ಬಿಡುತ್ತ, ವಾರಗಟ್ಟಲೆ ಮುಂದುವರಿಸಬೇಕಾಗುತ್ತದೆ. ಹುಣ್ಣಿನ ಚೂರನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಾವ ಜಾತಿಯದೆಂದು ಸಾಮಾನ್ಯವಾಗಿ ತಿಳಿಯುತ್ತದೆ. ಈ ಹುಣ್ಣಿಗೆ ಸ್ಟಿರಾಯ್ಡ್ ಬಿಟ್ಟರೆ ಶಿಲೀಂಧ್ರಕ್ಕೆ ಹಬ್ಬ. ಮೇಲೆ ಕೆಂಪು ಕಡಿಮೆಯಾಗಿ ಹಾಯೆನಿಸುತ್ತದೆ, ಒಳಗೆ ಹುಣ್ಣು ಆಳಕ್ಕೆ ಇಳಿಯುತ್ತದೆ. ಕಡೆಗೆ ಪದರ ತೂತಾಗಬಹುದು. ಮಾಯ್ದರೂ ಬಿಳಿ ಕಲೆ ನಿಲ್ಲುತ್ತದೆ. "ಕಣ್ಣಿಗೆ ಹೂ ಬಿದ್ದಿದೆ" ಎಂದು ನಮ್ಮ ಜನ ಹೇಳುವುದು ಈ ಕಲೆಗೇ. ಹರ್ಪೀಸ್ ಎಂಬ ವಿಷಾಣುವಿನಿಂದ ಆಗುವ, ಟೊಂಗೆ ಟೊಂಗೆಯಾಗಿ ಹರಡುವ ಹುಣ್ಣಿಗೂ ಇದೇ ಗತಿ; ಸ್ಟಿರಾಯ್ಡ್ ತಾಗಿದೊಡನೆ ಅದು ಅಗಲಕ್ಕೆ ಹಬ್ಬುತ್ತದೆ.

ಎರಡನೆಯದು ಎಲ್ಲಕ್ಕಿಂತ ಮೋಸದ್ದು. ಕಣ್ಣಿನೊಳಗೆ ಒಂದು ನೀರು ಹುಟ್ಟುತ್ತದೆ, ಸಣ್ಣ ಜಾಲರಿಯಂಥ ಕಾಲುವೆಯಿಂದ ಹೊರಗೆ ಹರಿದುಹೋಗುತ್ತದೆ. ಹುಟ್ಟಿದ್ದಕ್ಕೂ ಹರಿದದ್ದಕ್ಕೂ ಸರಿಹೋದರೆ ಒತ್ತಡ ಹದವಾಗಿರುತ್ತದೆ. ಸಾಮಾನ್ಯವಾಗಿ ೧೦ರಿಂದ ೨೧ ಮಿಲಿಮೀಟರ್ ಪಾದರಸ. ಸ್ಟಿರಾಯ್ಡ್ ಈ ಕಾಲುವೆಯಲ್ಲಿ ಹೂಳು ತುಂಬುತ್ತದೆ. ಹೂಳು ತುಂಬಿದ ಕಾಲುವೆಯ ಹಿಂದೆ ನೀರು ಏರುವುದು ರೈತರಿಗೆ ಗೊತ್ತಿದ್ದದ್ದೇ. ಹನಿಯನ್ನು ಕೆಲವು ವಾರ ಬಿಡದೆ ಹಾಕಿದರೆ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಒತ್ತಡ ತಕ್ಕಮಟ್ಟಿಗೆ ಏರುತ್ತದೆ. ನೂರರಲ್ಲಿ ನಾಲ್ಕರಿಂದ ಆರು ಮಂದಿಗೆ ಬಹಳ ಏರುತ್ತದೆ. ಮನೆತನದಲ್ಲಿ ಗ್ಲಾಕೋಮಾ ಇದ್ದವರಿಗೆ, ಸಕ್ಕರೆ ಕಾಯಿಲೆಯವರಿಗೆ, ದೂರದ್ದು ಕಾಣದೆ ದಪ್ಪ ಕನ್ನಡಕ ಹಾಕುವವರಿಗೆ, ಸಣ್ಣ ಮಕ್ಕಳಿಗೆ ಭಯ ಹೆಚ್ಚು. ಏರಿದ ಒತ್ತಡ ಕಣ್ಣಿನ ಹಿಂದಿನ ದೃಷ್ಟಿನರವನ್ನು ಒಣಗಿಸುತ್ತದೆ. ಇದಕ್ಕೇ ಗ್ಲಾಕೋಮಾ ಎಂದು ಹೆಸರು. ನೋವಿಲ್ಲ, ಕೆಂಪಿಲ್ಲ. ಮೊದಲು ಹೋಗುವುದು ಪಕ್ಕದ ನೋಟ. ಎದುರಿನದು ಕಾಣುತ್ತಲೇ ಇರುತ್ತದೆ. ಮನುಷ್ಯನಿಗೆ ತಿಳಿಯುವ ಹೊತ್ತಿಗೆ ನರದ ಬಹುಪಾಲು ಹೋಗಿರುತ್ತದೆ.

ಮೂರನೆಯದು ಪೊರೆ, ನಮ್ಮ ಕಡೆ ಮೋತಿಬಿಂದು ಎನ್ನುವುದು. ತಿಂಗಳುಗಟ್ಟಲೆ, ವರ್ಷಗಟ್ಟಲೆ ಸ್ಟಿರಾಯ್ಡ್ ತೆಗೆದುಕೊಂಡವರಿಗೆ, ಹನಿಯಾಗಲಿ ಗುಳಿಗೆಯಾಗಲಿ, ಕಣ್ಣಿನ ಮಸೂರದ ಹಿಂಬದಿಯಲ್ಲಿ ಪೊರೆ ಕಟ್ಟುತ್ತದೆ. ಬಿಸಿಲಿನಲ್ಲಿ ಕಣ್ಣು ಕುಕ್ಕುತ್ತದೆ, ಓದುವುದು, ನೂಲು ಪೋಣಿಸುವುದು ಕಷ್ಟವಾಗುತ್ತದೆ. ಮುಪ್ಪಿನಲ್ಲಿ ಬರಬೇಕಾದದ್ದು ಹರೆಯದಲ್ಲೇ ಬರುತ್ತದೆ.

ಪೊರೆಗೂ ಗ್ಲಾಕೋಮಾಕ್ಕೂ ಇರುವ ಅಂತರವನ್ನು ನಮ್ಮ ಜನ ನೆನಪಿಡಬೇಕು. ನಮ್ಮ ನೆರೆಯ ಬೀಳಗಿಯಲ್ಲಿ ಹುಟ್ಟಿದ ಡಾಕ್ಟರ ಮುರಿಗೆಪ್ಪ ಚನ್ನವೀರಪ್ಪ ಮೋದಿಯವರ ಹೆಸರು ಕೇಳದವರು ಈ ಸಭೆಯಲ್ಲಿ ಇರಲಿಕ್ಕಿಲ್ಲ. ಊರೂರಿಗೆ ಹೋಗಿ ಶಿಬಿರ ಹೂಡಿ, ಬಡವರಿಗೆ ಪುಕ್ಕಟೆಯಾಗಿ ಕಣ್ಣು ಕೊಟ್ಟವರು. ೧೯೬೮ರಲ್ಲಿ ತಿರುಪತಿಯಲ್ಲಿ ಒಂದೇ ದಿನ ೮೩೩ ಪೊರೆಯ ಶಸ್ತ್ರಕ್ರಿಯೆ ಮಾಡಿದರು. ೨೦೦೫ರಲ್ಲಿ ತೀರಿಕೊಳ್ಳುವ ಮೊದಲು ಆ ಕೈ ಆರು ಲಕ್ಷಕ್ಕೂ ಮಿಕ್ಕಿ ಶಸ್ತ್ರಕ್ರಿಯೆ ಮಾಡಿತ್ತು. ಪೊರೆ ಅಂಥದು, ತೆಗೆದರೆ ಬೆಳಕು ಬರುತ್ತದೆ. ಗ್ಲಾಕೋಮಾದಿಂದ ಹೋದ ದೃಷ್ಟಿ ಹಾಗಲ್ಲ. ಮೋದಿಯವರಂಥ ಹತ್ತು ಮಂದಿ ಬಂದರೂ ಒಣಗಿದ ದೃಷ್ಟಿನರವನ್ನು ಚಿಗುರಿಸಲಾರರು. ಉಳಿದದ್ದನ್ನು ಉಳಿಸಿಕೊಳ್ಳಬಹುದು, ಅಷ್ಟೇ. ಬೇಗ ಗೊತ್ತಾಗಿ, ಡಾಕ್ಟರರ ಮಾತಿನಂತೆ ಹನಿ ನಿಲ್ಲಿಸಿದರೆ ಬಹಳ ಮಂದಿಗೆ ಒತ್ತಡ ಕೆಲವು ವಾರಗಳಲ್ಲಿ ಇಳಿಯುತ್ತದೆ. ತಡವಾದರೆ ಇಳಿದೂ ಉಪಯೋಗವಿಲ್ಲ.

ತಾಯಂದಿರು ಈಗ ಸ್ವಲ್ಪ ಲಕ್ಷ್ಯವಿಟ್ಟು ಕೇಳಬೇಕು. ನಮ್ಮ ಬಿಸಿಲು ನಾಡಿನಲ್ಲಿ, ಗಂಡುಹುಡುಗರಲ್ಲಿ ಹೆಚ್ಚಾಗಿ, ಐದಾರು ವರ್ಷಕ್ಕೆ ಒಂದು ಕಣ್ಣಿನ ತುರಿಕೆ ಸುರುವಾಗುತ್ತದೆ. ಬೇಸಿಗೆ ಬಂತೆಂದರೆ ಹುಡುಗ ಕಣ್ಣು ಉಜ್ಜುತ್ತಾನೆ, ಎಳೆಎಳೆಯಾಗಿ ಪಿಸುರು ಬರುತ್ತದೆ, ಬಿಸಿಲಿಗೆ ಕಣ್ಣು ತೆರೆಯಲಾರ. ಇದು ಅಲರ್ಜಿ, ಸಾಮಾನ್ಯವಾಗಿ ಮೀಸೆ ಮೂಡುವ ವಯಸ್ಸಿಗೆ ತಾನಾಗಿ ಕಡಿಮೆಯಾಗುತ್ತದೆ. ಹತ್ತು ವರ್ಷ ಬಂದುಹೋಗುವ ರೋಗಕ್ಕೆ ಹತ್ತು ವರ್ಷ ಸ್ಟಿರಾಯ್ಡ್ ಹನಿ ಬಿಟ್ಟರೆ ಏನಾದೀತು? ನಾವು ಸಾಲೆಯಲ್ಲಿದ್ದ ಕಾಲಕ್ಕೆ ಒಬ್ಬ ಹುಡುಗನಿದ್ದ. ಓದಿನಲ್ಲಿ ಚುರುಕು. ನಡೆಯುವಾಗ ಬಾಗಿಲ ಚೌಕಟ್ಟಿಗೆ, ಪಕ್ಕದ ಹುಡುಗನಿಗೆ ತಾಗುತ್ತಿದ್ದ, ಜೊತೆಯವರು ನಗುತ್ತಿದ್ದರು. ತುರಿಕೆಗೆಂದು ಎರಡು ವರ್ಷದಿಂದ ಹನಿ ಬಿಡುತ್ತಿದ್ದರು. ಮೊದಲ ಬಾಟಲಿ ಡಾಕ್ಟರರು ಬರೆದದ್ದು. ಮುಂದಿನವೆಲ್ಲ ಖಾಲಿ ಬಾಟಲಿ ತೋರಿಸಿ ಅಂಗಡಿಯಿಂದ ತಂದವು. ಕಡೆಗೆ ದೊಡ್ಡ ದವಾಖಾನೆಯಲ್ಲಿ ತೋರಿಸಿದಾಗ ಎರಡೂ ಕಣ್ಣಿನ ಪಕ್ಕದ ನೋಟ ಹೋಗಿತ್ತು. ರೋಗ ತುರಿಕೆ, ಕಣ್ಣು ಕಳೆದದ್ದು ಔಷಧಿ. ತುರಿಕೆಗೆ ತಣ್ಣೀರಿನ ಬಟ್ಟೆ, ಉಜ್ಜದಿರುವುದು, ಓಲೊಪಟಾಡಿನ್, ಕ್ರೊಮೊಗ್ಲೈಕೇಟ್ ಮುಂತಾದ ಸ್ಟಿರಾಯ್ಡ್ ಅಲ್ಲದ ಹನಿಗಳು ಇವೆ. ಉಲ್ಬಣಿಸಿದಾಗ ಡಾಕ್ಟರರು ಸ್ವಲ್ಪ ದಿನ ಸ್ಟಿರಾಯ್ಡ್ ಕೊಟ್ಟಾರು. ನಿಲ್ಲಿಸುವ ದಿನವನ್ನೂ ಅವರೇ ಹೇಳುತ್ತಾರೆ.

ಇನ್ನೊಂದು ದಾರಿ ನಮ್ಮ ಮನೆಯೊಳಗೇ ಇದೆ. ಅಜ್ಜಿಗೆ ಪೊರೆಯ ಶಸ್ತ್ರಕ್ರಿಯೆಯಾಗುತ್ತದೆ. ಊತ ಇಳಿಯಲು ನಾಲ್ಕಾರು ವಾರ ಸ್ಟಿರಾಯ್ಡ್ ಹನಿ ಬರೆಯುತ್ತಾರೆ. ದಿನಕ್ಕೆ ಇಷ್ಟು ಸಲ, ಮುಂದಿನ ವಾರ ಇಷ್ಟು ಕಡಿಮೆ ಎಂದು ಇಳಿಸುತ್ತ ಹೋಗುವ ಲೆಕ್ಕ. ಅದು ಬೇಕೇ ಬೇಕು. ನಮ್ಮ ಮಾತು ಕೇಳಿ ಯಾರೂ ಅದನ್ನು ನಡುವೆ ಬಿಡಬಾರದು. ಆದರೆ ಉಳಿದ ಬಾಟಲಿ ಗೋಡೆಯ ಗೂಡಿನಲ್ಲಿ ಕೂಡುತ್ತದೆ. ಆರು ತಿಂಗಳ ಮೇಲೆ ಮೊಮ್ಮಗನ ಕಣ್ಣು ಕೆಂಪಾದಾಗ ಅದೇ ಬಾಟಲಿ ಹೊರಗೆ ಬರುತ್ತದೆ! ತೆರೆದ ಬಾಟಲಿ ಸಾಮಾನ್ಯವಾಗಿ ಒಂದು ತಿಂಗಳಿಗೆ ಕೆಟ್ಟಿತೆಂದೇ ತಿಳಿಯಬೇಕು. ಅಜ್ಜಿಯ ಔಷಧಿ ಅಜ್ಜಿಯ ಲೆಕ್ಕ ಮುಗಿದ ದಿನವೇ ತಿಪ್ಪೆಗೆ ಹೋಗಲಿ.

೨೦೨೩ರ ಮಳೆಗಾಲದಲ್ಲಿ ನಾಡಿನಾದ್ಯಂತ ಕಣ್ಣು ಬೇನೆ ಹಬ್ಬಿದ್ದು ನಿಮಗೆ ನೆನಪಿದೆ. ಇದು ಬಹುಮಟ್ಟಿಗೆ ವಿಷಾಣುವಿನಿಂದ ಬರುವುದು. ಒಂದೆರಡು ವಾರದಲ್ಲಿ ತಾನೇ ಹೋಗುತ್ತದೆ. ಕೈ ತೊಳೆಯುವುದು, ಟವೆಲ್ಲು ಬೇರೆ ಇಡುವುದು, ಕಣ್ಣು ಮುಟ್ಟದಿರುವುದು ಮುಖ್ಯ. ಅದಕ್ಕೂ ಅಂಗಡಿಯಿಂದ ಸ್ಟಿರಾಯ್ಡ್ ಸೇರಿದ ಹನಿ ತಂದು ಬಿಟ್ಟುಕೊಂಡರೆ ಬೇನೆ ಬೇಗ ಹೋದಂತೆ ಕಾಣುತ್ತದೆ. ನಿಜದಲ್ಲಿ ವಿಷಾಣು ಕಣ್ಣಿನಲ್ಲಿ ಇನ್ನಷ್ಟು ದಿನ ಉಳಿಯಬಹುದು.

ಹನಿಯೊಂದೇ ಅಲ್ಲ. ದಮ್ಮಿಗೆ, ಮೊಣಕಾಲು ನೋವಿಗೆ ನುಂಗುವ ಗುಳಿಗೆ, ಹೆಸರಿಲ್ಲದ ಪುಡಿ, ಸಂತೆಯ ಊರಿನಲ್ಲಿ ಚುಚ್ಚುವ ಸೂಜಿ, ಮುಖ ಬೆಳ್ಳಗಾಗಲೆಂದು ರೆಪ್ಪೆಯ ತನಕ ಹಚ್ಚುವ ಮುಲಾಮು ಇವುಗಳಲ್ಲೂ ಈ ಔಷಧಿ ಇರಬಹುದು, ಕಣ್ಣಿಗೆ ತಟ್ಟಬಹುದು. ೨೦೨೦ರ ಜೂನ್‌ದಲ್ಲಿ ಇಂಗ್ಲೆಂಡಿನ ಪ್ರಯೋಗವೊಂದು, ಪ್ರಾಣವಾಯು ಬೇಕಾದ ಕೋವಿಡ್ ರೋಗಿಗಳ ಸಾವನ್ನು ಡೆಕ್ಸಾಮೆಥಾಸೋನ್ ಕಡಿಮೆ ಮಾಡುತ್ತದೆಂದು ತೋರಿಸಿತು. ಪ್ರಾಣವಾಯು ಬೇಡವಾದವರಿಗೆ ಉಪಯೋಗವಿಲ್ಲವೆಂದೂ ತೋರಿಸಿತು. ಎರಡನೆಯ ಮಾತನ್ನು ಎಷ್ಟು ಜನ ಕೇಳಿದರು? ೨೦೨೧ರ ಬೇಸಿಗೆಯಲ್ಲಿ ಮನೆಮನೆಯಲ್ಲಿ ಗುಳಿಗೆ ನುಂಗಿದರು. ರಕ್ತದ ಸಕ್ಕರೆ ಏರಿತು. ಕಪ್ಪು ಶಿಲೀಂಧ್ರ ಬಂದಿತು. ಸಕ್ಕರೆ ಕಾಯಿಲೆ ಮತ್ತು ಮಿತಿ ಮೀರಿದ ಸ್ಟಿರಾಯ್ಡ್ ಕೂಡಿದ ಕಡೆ ಅದು ಬೇರು ಬಿಟ್ಟಿತು. ಜೀವ ಉಳಿಸಲಿಕ್ಕೆ ಎಷ್ಟೋ ಮಂದಿಯ ಕಣ್ಣುಗುಡ್ಡೆಯನ್ನೇ ತೆಗೆಯಬೇಕಾಯಿತು. ಒಂದೇ ಔಷಧಿ, ಒಬ್ಬನಿಗೆ ಪ್ರಾಣ ಕೊಟ್ಟಿತು, ಇನ್ನೊಬ್ಬನ ಕಣ್ಣು ಕಿತ್ತಿತು. ಆದರೆ ಒಂದು ಎಚ್ಚರಿಕೆ: ಬಹಳ ದಿನದಿಂದ ಸ್ಟಿರಾಯ್ಡ್ ಗುಳಿಗೆ ನುಂಗುತ್ತಿರುವವರು ಹೆದರಿ ಒಮ್ಮೆಲೇ ಬಿಡಬಾರದು, ಅದರಿಂದ ಪ್ರಾಣಕ್ಕೇ ಅಪಾಯ. ಡಾಕ್ಟರರನ್ನು ಕೇಳಿ ಇಳಿಸುತ್ತ ಬರಬೇಕು.

ಕಾಯದೆ ಇಲ್ಲವೇ? ಇದೆ. ೧೯೪೦ರ ಔಷಧಿ ಕಾಯದೆಯಿದೆ, ೧೯೪೫ರ ನಿಯಮಗಳಿವೆ. ಈ ಹನಿಗಳು ಆ ನಿಯಮಗಳ ಎಚ್ ಪರಿಶಿಷ್ಟಕ್ಕೆ ಸೇರಿದವು. ಡಾಕ್ಟರರ ಚೀಟಿಯಿಲ್ಲದೆ ಮಾರಕೂಡದು. ಆದರೆ ಕಾಯದೆ ಪುಸ್ತಕದಲ್ಲಿ, ಬಾಟಲಿ ಕಟ್ಟೆಯ ಮೇಲೆ. ಅಂಗಡಿಯ ಹುಡುಗನೊಬ್ಬನನ್ನು ಬೈದು ಫಲವಿಲ್ಲ. ಕೂಲಿ ಕಳೆದುಕೊಳ್ಳದೆ ಕಣ್ಣು ತೋರಿಸುವ ವ್ಯವಸ್ಥೆ ಬರುವ ತನಕ ಬಡವ ಚೀಟಿಯಿಲ್ಲದೆಯೇ ಕೇಳುತ್ತಾನೆ, ಅವನು ಚೀಟಿಯಿಲ್ಲದೆಯೇ ಕೊಡುತ್ತಾನೆ. ಸಾಹುಕಾರನ ಮಗನಿಗೆ ಕಣ್ಣು ಕೆಂಪಾದರೆ ಕಾರು ಬೆಳಗಾವಿಗೋ ಹುಬ್ಬಳ್ಳಿಗೋ ಓಡುತ್ತದೆ. ಕಬ್ಬು ಕಡಿಯುವವನಿಗೆ ಹನಿ ಬಾಟಲಿ. ಅಂತರವಿರುವುದು ಇಲ್ಲಿ.

ಹಾಗಾದರೆ ನಾವು ಮಾಡಬೇಕಾದದ್ದೇನು?

ಒಂದನೆಯದು, ಬಾಟಲಿ ಓದಬೇಕು. ದೊಡ್ಡ ಅಕ್ಷರದ ಹೆಸರು ಕಂಪನಿಯದು. ಸಣ್ಣ ಅಕ್ಷರದ್ದು ಔಷಧಿಯದು. ಸಣ್ಣ ಹೆಸರಿನ ಬಾಲದಲ್ಲಿ 'ಸೋನ್' ಅಥವಾ 'ಲೋನ್' ಇದ್ದರೆ, ನಡುವೆ 'ಪ್ರೆಡ್' ಇದ್ದರೆ ಸ್ಟಿರಾಯ್ಡ್ ಎಂದು ತಿಳಿಯಿರಿ: ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್, ಫ್ಲುಯೊರೊಮೆಥೊಲೋನ್, ಲೋಟೆಪ್ರೆಡ್ನಾಲ್, ಡೈಫ್ಲುಪ್ರೆಡ್ನೇಟ್. ಕ್ರಿಮಿನಾಶಕ ಹನಿಗೆ ಸ್ಟಿರಾಯ್ಡ್ ಬೆರೆಸಿದಾಗ ಕೆಲವು ಕಂಪನಿಗಳು ಹೆಸರಿನ ಹಿಂದೆ ಒಂದು 'ಡಿ' ಅಂಟಿಸುತ್ತವೆ. ಅದು ಬರೇ ಒಂದು ಅಕ್ಷರ. ಆದರೆ ಕಣ್ಣಿನ ಬೆಲೆಯದು. ನಿಮಗೆ ಓದು ಬಾರದಿದ್ದರೆ ಸಾಲೆಗೆ ಹೋಗುವ ಮಕ್ಕಳಿಂದ ಓದಿಸಿರಿ.

ಎರಡನೆಯದು, ಎಲೆ ಗೀರಿದ ಕಣ್ಣಿಗೆ ಅಂಗಡಿಯ ಹನಿ ಬೇಡ, ಸೊಪ್ಪಿನ ರಸ ಬೇಡ, ಎದೆಹಾಲು ಬೇಡ. ಶುದ್ಧ ನೀರಿನಿಂದ ತೊಳೆದು ಡಾಕ್ಟರರಿಗೆ ತೋರಿಸಿರಿ. ನೋವು ಹೆಚ್ಚಿದರೆ, ನೋಟ ಮಂಜಾದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅದೇ ದಿನ ಹೋಗಿರಿ.

ಮೂರನೆಯದು, ಡಾಕ್ಟರರು ಹನಿ ಬರೆದಾಗ ಮೂರು ಮಾತು ಕೇಳಿರಿ: "ಇದರಲ್ಲಿ ಸ್ಟಿರಾಯ್ಡ್ ಐತೇನ್ರಿ? ಯಾವ ದಿವಸ ನಿಲ್ಲಿಸಬೇಕ್ರಿ? ಕಣ್ಣಿನ ಒತ್ತಡ ನೋಡಲಿಕ್ಕೆ ಮತ್ತ ಯಾವಾಗ ಬರಬೇಕ್ರಿ?" ಕೇಳಿದರೆ ಒಳ್ಳೆಯ ಡಾಕ್ಟರರು ಸಿಟ್ಟಾಗುವುದಿಲ್ಲ. ಖಾಲಿ ಬಾಟಲಿ ತೋರಿಸಿ ಹೊಸದನ್ನು ತರುವುದು ಇಂದಿಗೆ ಮುಗಿಯಲಿ.

ಇವು ನಮ್ಮ ಕೈಯಲ್ಲಿರುವ ಕೆಲಸಗಳು. ಸರಕಾರದ ಕೈಯಲ್ಲಿರುವುದನ್ನೂ ನಾವು ಕೇಳಿ ಪಡೆಯಬೇಕು. ಕುರುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ ೧೯೭೬ರಿಂದ ಇದೆ; ಅದರ ಬಲದ ಮೇಲೆ ಪೊರೆಯ ಶಸ್ತ್ರಕ್ರಿಯೆಗಳು ಲಕ್ಷಗಟ್ಟಲೆ ನಡೆದಿವೆ. ಅದೇ ಹಟದಿಂದ, ಮುಧೋಳ, ಜಮಖಂಡಿ, ಬೀಳಗಿ, ರಬಕವಿ ಬನಹಟ್ಟಿ ಈ ಪ್ರತಿಯೊಂದು ತಾಲೂಕಿನ ಸರಕಾರಿ ದವಾಖಾನೆಯಲ್ಲಿ ಕಣ್ಣಿನ ಒತ್ತಡ ನೋಡುವ ಉಪಕರಣ ಮತ್ತು ಅದನ್ನು ಬಲ್ಲವರು ದಿನವೂ ಸಿಗಬೇಕು. ಬಾಟಲಿಯ ಮೇಲೆ "ಇದು ಸ್ಟಿರಾಯ್ಡ್, ಡಾಕ್ಟರರನ್ನು ಕೇಳದೆ ಬಿಡಬೇಡಿ" ಎಂದು ಕನ್ನಡದಲ್ಲಿ ಅಚ್ಚಾಗಬೇಕು. ಕಬ್ಬಿನ ಗ್ಯಾಂಗಿಗೆ ಕುಡಗೋಲಿನ ಜೊತೆಗೆ ಕಣ್ಣು ಕಾಯುವ ಕನ್ನಡಕವನ್ನು ಕಾರಖಾನೆಯವರು ಕೊಡಬೇಕು. ಕೆಲಸದಲ್ಲಿ ಕಣ್ಣಿಗೆ ಪೆಟ್ಟಾದವನು ದವಾಖಾನೆಗೆ ಹೋದ ದಿನದ ಕೂಲಿ ಕಡಿಯಬಾರದು. ಈ ಒಂದು ಬೇಡಿಕೆ ಈಡೇರಿದರೆ ಅರ್ಧ ಕಣ್ಣುಗಳು ಉಳಿದಂತೆಯೇ ಎಂದು ನಾವು ನಂಬಿದ್ದೇವೆ.

ಬಂಧುಗಳೇ, ಹೊತ್ತಾಯಿತು. ಬೆಳಗಾದರೆ ನಿಮಗೆ ಕೆಲಸವಿದೆ. ಮನೆಗೆ ಹೋದೊಡನೆ ಗೂಡಿನಲ್ಲಿರುವ ಹಳೆಯ ಕಣ್ಣಿನ ಬಾಟಲಿಗಳನ್ನೆಲ್ಲ ಹೊರಗೆ ತೆಗೆಯಿರಿ, ದೀಪದ ಬೆಳಕಿನಲ್ಲಿ ಹೆಸರು ಓದಿಸಿರಿ, ಯಾರದು, ಎಂದು ತಂದದ್ದು ಎಂದು ಕೇಳಿರಿ. ಲೆಕ್ಕ ತಪ್ಪಿದ್ದನ್ನು ಇಂದೇ ಚೆಲ್ಲಿರಿ. ಯಾರಾದರೂ ತಿಂಗಳುಗಟ್ಟಲೆ ಬಿಡುತ್ತಿದ್ದರೆ ಅವರನ್ನು ಈ ವಾರವೇ ಕಣ್ಣಿನ ಡಾಕ್ಟರರ ಬಳಿಗೆ ಕಳಿಸಿರಿ. ಹೋಗಲು ಜೊತೆ ಬೇಕಾದವರು ನಮ್ಮ ಕಾರ್ಯಕರ್ತರಿಗೆ ತಿಳಿಸಿದರೆ ನಾವು ಕೂಡಿ ಹೋಗುತ್ತೇವೆ.